ಎಂಟನೆಯ ಕಲ್ಲು

ಬಸ್ಸು ಊರಿನೊಳಕ್ಕೆ ಹೋಗುವುದಿಲ್ಲ. ಬಂದರು ಇನ್ನೂ ಅರ್ಧ ಮೈಲಿ ಇರುವಾಗಲೇ, ಗಾಳಿ ಶುರುವಾಗುವ ತಿರುವಿನಲ್ಲಿ, ಕಂಡಕ್ಟರ್ ಎರಡು ಸಲ ಸೀಟಿ ಊದಿ ಎಲ್ಲರನ್ನೂ ಇಳಿಸಿಬಿಡುತ್ತಾನೆ. ನಾನು ಎಲ್ಲರಿಗಿಂತ ಕೊನೆಗೆ ಇಳಿದೆ. ಇಳಿಯುವ ಮೊದಲು ಕೈಚೀಲದ ಜಿಪ್ಪು ಎಳೆದು ನೋಡಿದೆ, ಚಪ್ಪಲಿಯ ಪಟ್ಟಿ ಬಿಗಿ ಮಾಡಿಕೊಂಡೆ, ಸೀಟಿನ ಕೆಳಗೆ ಏನಾದರೂ ಬಿದ್ದಿದೆಯೇ ಎಂದು ಬಗ್ಗಿ ನೋಡಿದೆ. ಏನೂ ಬಿದ್ದಿರಲಿಲ್ಲ. ನನ್ನಿಂದ ಯಾವತ್ತೂ ಏನೂ ಬೀಳುವುದಿಲ್ಲ. ಆದರೂ ನೋಡದೆ ಇಳಿಯಲಾರೆ.

ತಿರುವಿನಲ್ಲಿ ಹಳೆಯ ಸುಂಕದ ಕಟ್ಟೆ ಇದೆ. ಹಡಗುಗಳು ಬರುತ್ತಿದ್ದ ಕಾಲದಲ್ಲಿ ಮೆಣಸಿನ ಮೂಟೆಗಳನ್ನು ತೂಗುತ್ತಿದ್ದ ಜಾಗ. ಈಗ ಅಲ್ಲಿ ಜನರನ್ನು ತೂಗುತ್ತಾರೆ. ಮಾಡಿನ ತೊಲೆಯಿಂದ ಸರಪಳಿಯಲ್ಲಿ ಇಳಿಬಿಟ್ಟ ದೊಡ್ಡ ತಕ್ಕಡಿ. ಅದರ ಒಂದು ಕಡೆ ಕೂರುವುದಕ್ಕೆ ಹಲಗೆ, ಹಲಗೆಯ ಮೇಲೆ ಯಾರೋ ಪುಣ್ಯಾತ್ಮರು ಹೊಲಿದುಕೊಟ್ಟ ದಿಂಬು. ಗೋಡೆಯ ಪಕ್ಕದಲ್ಲಿ ರಾಶಿ ಹಾಕಿದ ಒಡಲುಗಲ್ಲುಗಳು. ಸರಕಿಲ್ಲದೆ ಬರುವ ಹಡಗು ಅಲೆಗೆ ಮಗುಚದಿರಲೆಂದು ಅದರ ಒಡಲಿಗೆ ಕಲ್ಲು ತುಂಬಿ ತರುತ್ತಿದ್ದರಂತೆ; ಇಲ್ಲಿ ಕಲ್ಲು ಇಳಿಸಿ, ಅಕ್ಕಿ ಮೆಣಸು ತುಂಬಿಕೊಂಡು ಹೋಗುತ್ತಿದ್ದರಂತೆ. ಹಡಗುಗಳು ನಿಂತು ಎಷ್ಟೋ ಕಾಲವಾಗಿದೆ. ಕಲ್ಲು ಉಳಿದಿದೆ, ಗಾಳಿಯೂ ಉಳಿದಿದೆ. ಬೇರೆ ಊರುಗಳಲ್ಲಿ ಗಾಳಿ ಕಡಲಿನಿಂದ ಬರುತ್ತದೆ. ಈ ಊರಿನದು ಕಡಲಿಗೆ ಹೋಗುತ್ತದೆ, ಸಿಕ್ಕಿದ್ದನ್ನು ಎಳೆದುಕೊಂಡು.

ತೂಗುವವರ ಹೆಸರು ಸುಗಂಧಿ. ಐವತ್ತೈದರ ಆಸುಪಾಸಿನ ಹೆಂಗಸು, ಸೆರಗನ್ನು ಸೊಂಟಕ್ಕೆ ಬಿಗಿದು, ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ ಕಟ್ಟಿಕೊಂಡಿದ್ದರು. ನನ್ನ ಮುಂದಿದ್ದವನು ಆ ಊರಿನವನೇ, ಎಲ್ಲೋ ಮದುವೆ ಮುಗಿಸಿಕೊಂಡು ಬಂದಿದ್ದ. ಹಲಗೆಯ ಮೇಲೆ ಕೂತು ಕಾಲು ಆಡಿಸುತ್ತಿದ್ದ.

"ಹಾದಿ ಕಾಯುವವರು ಎಷ್ಟು ಜನ?" ಎಂದು ಸುಗಂಧಿ ಕೇಳಿದರು.

"ಐದು. ಹೆಂಡತಿ, ಅಮ್ಮ, ಇಬ್ರು ಮಕ್ಕಳು, ಭಾವ."

"ಭಾವನನ್ನು ಬಿಡಿ ಮಾರಾಯ್ರೆ. ಹೋದ ಸಲ ಅವರನ್ನು ನಂಬಿ ನಿಮಗೆ ಒಂದು ಕಲ್ಲು ಕಮ್ಮಿ ಕೊಟ್ಟೆ, ನೀವು ಹೋಗಿ ಎಣ್ಣೆಗಾಣದ ಗೋಡೆಗೆ ಹೊಡೆದ್ರಿ. ಅವರು ಕಾಯುದು ನಿಮ್ಮನ್ನಲ್ಲ, ನೀವು ತರುವ ಲಾಡನ್ನು."

ಎಲ್ಲರೂ ನಕ್ಕರು, ಅವನೂ ನಕ್ಕ. ಇನ್ನೊಂದು ಕಲ್ಲನ್ನು ತಾನೇ ಎತ್ತಿಕೊಂಡು ಸೊಂಟಪಟ್ಟಿಗೆ ಸೇರಿಸಿಕೊಂಡ. ನನ್ನ ಸರದಿ ಬಂತು.

"ಎಂತ ಹೆಸರು?"

"ಇಂದುಮತಿ."

"ಒಬ್ರೇ ಬಂದದ್ದಾ?"

"ಹೌದು. ಮೂರು ದಿನಕ್ಕೆ."

"ನಿಮ್ಮ ಮೈಕಟ್ಟಿಗೆ ಏಳು ಕಲ್ಲು. ಕಾಯುವವರು ಒಬ್ಬರಿದ್ರೆ ಆರು, ಇಬ್ಬರಿದ್ರೆ ಐದು. ಹಾದಿ ಕಾಯುವವರು ಎಷ್ಟು ಜನ?"

"ಒಬ್ಬರು," ಎಂದೆ. "ಅಕ್ಕ."

ಅಕ್ಕ ತೀರಿಕೊಂಡು ಎಂಟು ತಿಂಗಳಾಗಿತ್ತು.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಮೂವತ್ತು ವರ್ಷ ಪಠ್ಯಪುಸ್ತಕಗಳ ಕರಡು ತಿದ್ದಿದವಳು ನಾನು. ಒಂದು ಮಾತು ಆಡುವ ಮೊದಲು ಒಳಗೇ ಎರಡು ಸಲ ಓದಿ ನೋಡುತ್ತೇನೆ. ಅದೊಂದು ಮಾತನ್ನು ಓದಿ ನೋಡಲಿಲ್ಲ. ಯಾರಾದರೂ ನಿನಗಾಗಿ ಕಾಯುತ್ತಾರೆಯೇ ಎಂದು ಕೇಳಿದರೆ ಇಪ್ಪತ್ತಾರು ವರ್ಷದಿಂದ ನನ್ನ ಬಾಯಿಗೆ ಗೊತ್ತಿದ್ದ ಉತ್ತರ ಅದೊಂದೇ. ನಾವಿಬ್ಬರೂ ಮದುವೆಯಾಗದೆ ಒಂದೇ ಮನೆಯಲ್ಲಿ ಇದ್ದವರು. ಪ್ರೆಸ್ಸಿನಿಂದ ಐದು ನಿಮಿಷ ತಡವಾದರೂ ಅಕ್ಕ ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದಳು, ಏನೋ ದಾಸವಾಳ ಕೀಳಲು ಬಂದವಳ ಹಾಗೆ.

ಸುಗಂಧಿ ನನ್ನ ಮುಖ ನೋಡಲಿಲ್ಲ, ತೂಗಾಡುತ್ತಿದ್ದ ನನ್ನ ಕಾಲು ನೋಡಿದರು. ಆಮೇಲೆ ಹಾಯಿಬಟ್ಟೆಯ ಸೊಂಟಪಟ್ಟಿಯ ಜೇಬುಗಳಿಗೆ ಒಂದೊಂದಾಗಿ ಆರು ಕಲ್ಲು ಇಳಿಸಿದರು. "ಆರು. ಸರಿಯಾ?"

"ಸರಿ," ಎಂದೆ.

"ಸರಿ ಅಂತ ನೀವು ಹೇಳಿದ್ದು," ಎಂದು ಹಿಂದಿನಿಂದ ಗಂಟು ಬಿಗಿದರು.

ಈ ಊರಿಗೆ ಬರಬೇಕೆಂಬ ಆಸೆ ಅಕ್ಕನದು. ಅವಳ ಹೆಸರು ವಾರಿಜ. ಪ್ರೈಮರಿ ಶಾಲೆಯಲ್ಲಿ ನಾಲ್ಕನೆಯ ತರಗತಿಗೆ ಪಾಠ ಮಾಡುತ್ತಿದ್ದಳು. ಪ್ರತಿವರ್ಷ ಮಕ್ಕಳಿಗೆ ಈ ಬಂದರಿನ ಕತೆ ಹೇಳುವಳು: ದೇಶದೇಶದ ಕಲ್ಲು ತಂದು ಸುರಿದು ಅಕ್ಕಿ ಒಯ್ದರು ಮಕ್ಕಳೇ, ಅಲ್ಲಿಯ ಗೋಡೆಗಳಲ್ಲಿ ಇಡೀ ಭೂಪಟ ಇದೆ. ತಾನು ಮಾತ್ರ ಒಂದು ಸಲವೂ ನೋಡಿರಲಿಲ್ಲ. ದಸರಾ ರಜೆ ಬಂತೆಂದರೆ ಹೋಗೋಣವೇ ಎನ್ನುವಳು. ನಾನು ಏನಾದರೂ ಹುಡುಕುತ್ತಿದ್ದೆ. ಬಸ್ಸು ಎರಡು ಕಡೆ ಬದಲಾಯಿಸಬೇಕು, ಅಲ್ಲಿ ಇಳಿದುಕೊಳ್ಳುವುದಕ್ಕೆ ಎಂಥ ಜಾಗವೋ, ಮನೆ ಬೀಗ ಹಾಕಿ ಮೂರು ದಿನ ಹೇಗೆ ಬಿಡುವುದು, ಗಾಳಿ ಬೇರೆ. ಮುಂದಿನ ವರ್ಷ ಹೋಗೋಣ ಅಕ್ಕ, ಎನ್ನುತ್ತಿದ್ದೆ. ಅವಳು ಆಗಲಿ ಎನ್ನುವಳು. ಮುನಿಸಿಕೊಂಡವಳಲ್ಲ.

ಅವಳು ಹೋದ ಮೇಲೆ ಬೀರುವಿನಲ್ಲಿ ಅವಳ ಪಾಠದ ನೋಟುಬುಕ್ಕು ಸಿಕ್ಕಿತು. ಅದರ ಕಡೆಯ ಹಾಳೆಯಲ್ಲಿ, ಪರೀಕ್ಷೆಯ ಪ್ರಶ್ನೆಪತ್ರಿಕೆಯ ಹಾಗೆ ಅಂಕಿ ಹಾಕಿ, ನಾಲ್ಕು ಪ್ರಶ್ನೆ ಬರೆದಿದ್ದಳು. ಒಂದು, ಕಲ್ಲುಗಳು ನಿಜವಾಗಿ ಬೇರೆ ಬೇರೆ ಬಣ್ಣದವೇ? ಎರಡು, ದೀಪದ ಕಂಬ ಈಗಲೂ ಉರಿಯುತ್ತದೆಯೇ? ಮೂರು, ಅಕ್ಕಿ ತುಂಬುತ್ತಿದ್ದ ಜಾಗದಲ್ಲಿ ಈಗ ಏನಿದೆ? ನಾಲ್ಕು, ದಕ್ಕೆಯ ತುದಿಯಲ್ಲಿ ಕೂರಲು ಜಾಗ ಇದೆಯೇ? ಇಂದುಗೆ ಮೊಣಕಾಲು ನೋವು.

ಕಡಲಿನೊಳಕ್ಕೆ ಚಾಚಿಕೊಂಡಿರುವ ಕಲ್ಲುಕಟ್ಟೆಯನ್ನು ಇಲ್ಲಿಯವರು ದಕ್ಕೆ ಎನ್ನುತ್ತಾರೆ. ಹಡಗುಗಳು ಅದರ ಪಕ್ಕಕ್ಕೆ ಬಂದು ನಿಲ್ಲುತ್ತಿದ್ದವು. ನಾಲ್ಕು ಪ್ರಶ್ನೆಗೂ ಉತ್ತರ ನೋಡಿಕೊಂಡು ಹೋಗುವುದು, ನಾನು ಬಂದದ್ದು ಅಷ್ಟಕ್ಕೇ.

ಸುಂಕದ ಕಟ್ಟೆ ದಾಟಿದ್ದೇ ಗಾಳಿ ಬೆನ್ನಿಗೆ ಕೈಯಿಟ್ಟಿತು. ಆರು ಕಲ್ಲು ಸೊಂಟದಲ್ಲಿ ಗಟ್ಟಿಯಾಗಿದ್ದವು, ಆದರೂ ಮೊದಲ ತಿರುವಿನಲ್ಲಿ ನಾನು ಎಡಕ್ಕೆ ಹೋಗಬೇಕೆಂದಿದ್ದರೆ ಕಾಲು ಎರಡು ಹೆಜ್ಜೆ ಬಲಕ್ಕೆ ಹೋಯಿತು. ಬಾಗಿಲಲ್ಲಿ ಅಕ್ಕಿ ಕೇರುತ್ತಿದ್ದ ಹೆಂಗಸು ಮೊರದ ಕಡೆ ಬಗ್ಗಿದಳು. ಎದುರಿಗೆ ಬರುತ್ತಿದ್ದ ಮುದುಕ ನಿಂತು, ಅಂಗಡಿಯ ಬೋರ್ಡು ಓದತೊಡಗಿದ. ಯಾರಾದರೂ ಗಾಳಿಗೆ ತೇಲಿದರೆ ನೋಡದ ಹಾಗೆ ಇರುವುದು ಈ ಊರಿನ ಮರ್ಯಾದೆ ಎಂದು ಅರ್ಥವಾಗಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ನಾನು ಎಲ್ಲವನ್ನೂ ಗಮನಿಸುವವಳು; ನನ್ನನ್ನು ಗಮನಿಸದೆ ಬಿಟ್ಟದ್ದನ್ನೂ.

ಇಳಿದುಕೊಂಡದ್ದು ಸೆವ್ರಿನ್ ಬಾಯಿಯವರ ಮನೆಯ ಮಹಡಿಯ ಕೋಣೆಯಲ್ಲಿ. ಎಪ್ಪತ್ತು ದಾಟಿದ, ದೊಡ್ಡ ದನಿಯ ಹೆಂಗಸು. ಅವರ ಗಂಡ ಗ್ರೆಗೋರಿ ದಕ್ಕೆಯ ಮೇಲೆ ಕೂತು ಊರಿನವರ ಬಲೆಗಳನ್ನು ರಿಪೇರಿ ಮಾಡುತ್ತಾರೆ. ಆ ಸಂಜೆ ಚಹಾ ಕೊಡುತ್ತ ಸೆವ್ರಿನ್ ಬಾಯಿ ತಮ್ಮ ಸಂಸಾರದ ಕತೆಯನ್ನು ನಾನು ಕೇಳದೆಯೇ ಹೇಳಿದರು.

"ಹೋದ ವರ್ಷ ನಮಗೆ ನಾಲ್ಕು ದಿನ ಜಗಳ. ಎಂತಕ್ಕೆ ಅಂತ ಈಗ ನೆನಪಿಲ್ಲ. ನಾಲ್ಕನೇ ದಿನ ಇವರು ಮೀನು ಮಾರ್ಕೆಟಿಂದ ಬರ್ತಾ ಇದ್ರು, ನಾನು ಒಳಗೆ ಕೂತು, ಬಂದ್ರೆ ಬರ್ಲಿ ಹೋದ್ರೆ ಹೋಗ್ಲಿ ಅಂತ ಬಟ್ಟೆ ಮಡಚ್ತಾ ಇದ್ದೆ. ಇವರು ಬುಟ್ಟಿ ಸಮೇತ ಹಾರಿ ಇಗರ್ಜಿಯ ಗೇಟಿಗೆ ಹೋಗಿ ಸಿಕ್ಕಿದ್ರು. ಇಡೀ ಪೇಟೆ ನೋಡಿತು!"

"ಪೇಟೆ ನೋಡ್ಲಿಲ್ಲ," ಎಂದರು ಗ್ರೆಗೋರಿ, ಮೂಲೆಯಿಂದ. "ಪೇಟೆ ಮರ್ಯಾದಸ್ತರದ್ದು. ನೋಡಿದ್ದು ಪಾದ್ರಿಗಳು ಮಾತ್ರ. ಮರುದಿನ ಕೇಳಿದ್ರು, ಎಂತ ಗ್ರೆಗೋರಿ, ಮನೆಯಲ್ಲಿ ಊಟ ಬಂದ್ ಮಾಡಿದ್ದಾರಾ ಅಂತ."

"ಆಮೇಲೆ?" ಎಂದೆ.

"ಆಮೇಲೆಂತ? ತಪ್ಪಾಯ್ತು ಅಂದೆ. ಅವಳೂ ಅಂದಳು. ಯಾರದು ತಪ್ಪು ಅಂತ ಇವತ್ತಿನವರೆಗೆ ಗೊತ್ತಿಲ್ಲ."

ಹೊರಡುವಾಗ ಇಲ್ಲಿಯವರು ಹೊಸ್ತಿಲ ಮೇಲೆ ನಿಂತು "ಹೋಗಿ ಬರ್ತೇನೆ" ಎನ್ನುತ್ತಾರೆ. ಒಳಗಿನಿಂದ "ಕಾಯ್ತೇನೆ" ಎಂಬ ಉತ್ತರ ಬರುವ ತನಕ ಕಾಲು ಕೆಳಗಿಡುವುದಿಲ್ಲ. ಮರುದಿನ ಬೆಳಿಗ್ಗೆ ಆ ಇಡೀ ಬೀದಿಯಲ್ಲಿ, ಒಂದಾದ ಮೇಲೊಂದು ಮನೆಯ ಬಾಗಿಲಲ್ಲಿ ಆ ಎರಡು ಮಾತು ಕೇಳುತ್ತ ಕಿಟಕಿಯಲ್ಲಿ ನಿಂತಿದ್ದೆ. ಸ್ಕೂಲಿಗೆ ಹೋಗುವ ಮಕ್ಕಳು ಅದನ್ನು ಕಿರುಚಿ ಹೇಳುತ್ತಿದ್ದವು. ನಾನು ಏನೂ ಹೇಳದೆ ಮೆಟ್ಟಿಲಿಳಿದು ಹೋದೆ. ಹೇಳುವುದು ಯಾರಿಗೆ?

ಮೊದಲ ಮೂರು ಪ್ರಶ್ನೆಗೆ ಬೆಳಿಗ್ಗೆಯೇ ಉತ್ತರ ಸಿಕ್ಕಿತು. ಕಲ್ಲುಗಳು ಬೇರೆ ಬೇರೆ ಬಣ್ಣದವೇ: ಹಳೆಯ ಗೋಡೆಗಳಲ್ಲಿ ಬೂದಿ, ಕೆಂಪು, ಪಾಚಿಯ ಹಸಿರು, ಒಂದು ಕಡೆ ಹಾಲಿನ ಕೆನೆಯಂಥದ್ದು. ದೀಪದ ಕಂಬ ಉರಿಯುವುದಿಲ್ಲ. ಅದರ ಗಾಜಿನ ಗೂಡಿನಲ್ಲಿ ಪಾರಿವಾಳಗಳಿವೆ, ಅವೂ ಹೊರಗೆ ಹಾರುವುದಿಲ್ಲ, ಒಳಗೇ ಸುತ್ತುತ್ತವೆ. ಅಕ್ಕಿ ತುಂಬುತ್ತಿದ್ದ ಜಾಗದಲ್ಲಿ ಬಟ್ಟೆ ಒಣಹಾಕುತ್ತಾರೆ, ಒಂದೊಂದು ಬಟ್ಟೆಗೆ ಆರಾರು ಕ್ಲಿಪ್ಪು. ಎಲ್ಲವನ್ನೂ ಅಕ್ಕನ ನೋಟುಬುಕ್ಕಿನಲ್ಲಿ ಪ್ರಶ್ನೆಯ ಕೆಳಗೇ ಪೆನ್ಸಿಲಿನಲ್ಲಿ ಬರೆದೆ. ನಾಲ್ಕನೆಯದಕ್ಕೆ ದಕ್ಕೆಯ ತುದಿಗೆ ಹೋಗಬೇಕಿತ್ತು.

ದಕ್ಕೆಯ ಅರ್ಧದವರೆಗೆ ನಡೆದೆ. ಎರಡೂ ಕಡೆ ನೀರು, ಬೆನ್ನ ಹಿಂದೆ ಇಡೀ ಊರಿನ ಗಾಳಿ. ನಡೆಯುತ್ತಿದ್ದವಳು ಯಾವಾಗ ಬೇಗ ಬೇಗ ನಡೆಯತೊಡಗಿದೆನೋ ತಿಳಿಯಲಿಲ್ಲ. ನಿಲ್ಲಬೇಕೆಂದುಕೊಂಡೆ, ಕಾಲು ನಿಲ್ಲಲಿಲ್ಲ. ಹಿಮ್ಮಡಿ ಎದ್ದಿತು. ಹಡಗು ಕಟ್ಟುತ್ತಿದ್ದ ಕಬ್ಬಿಣದ ಗೂಟವೊಂದು ಪಕ್ಕದಲ್ಲೇ ಹೋಯಿತು, ಕೈ ಚಾಚಿದರೆ ಬೆರಳ ತುದಿ ಮಾತ್ರ ತಾಗಿತು. ಕೂಗಲಿಲ್ಲ. ಕೂಗಿದರೆ ಯಾರ ಹೆಸರು ಹಿಡಿದು ಕೂಗುವುದು ಎಂದು ಆ ಗಳಿಗೆಯಲ್ಲೂ ಯೋಚಿಸುತ್ತಿದ್ದೆ.

ಆಗ ತಲೆಯ ಮೇಲೆ ಏನೋ ಬಿತ್ತು. ಒದ್ದೆಯಾದದ್ದು, ಮೀನಿನ ವಾಸನೆಯದು. ಅದು ಮೈಯೆಲ್ಲ ಸುತ್ತಿಕೊಂಡು, ಜಗ್ಗಿ, ನನ್ನನ್ನು ಮೊಣಕಾಲಿನ ಮೇಲೆ ಕೂರಿಸಿತು. ಗ್ರೆಗೋರಿ ನನ್ನ ಮೇಲೆ ಬಲೆ ಬೀಸಿದ್ದರು. ಬಲೆಯ ಹಗ್ಗವನ್ನು ಗೂಟಕ್ಕೆ ಸುತ್ತಿ, ಬಂಗುಡೆ ಮೀನು ಎಳೆದ ಹಾಗೆ ನನ್ನನ್ನು ದಡದ ಕಡೆ ಎಳೆದುಕೊಂಡರು. ಪಕ್ಕದಲ್ಲಿ ಬಲೆ ಹೆಣೆಯುತ್ತಿದ್ದ ನಾಲ್ಕೈದು ಜನ ಒಟ್ಟಿಗೆ ಆಕಾಶ ನೋಡುತ್ತಿದ್ದರು.

"ಎಂತ ಮಾರಾಯ್ರೆ," ಎಂದರು ಗ್ರೆಗೋರಿ, ನನ್ನ ಕಿವಿಯ ಓಲೆಗೆ ಸಿಕ್ಕಿಕೊಂಡ ದಾರ ಬಿಡಿಸುತ್ತ. "ಹರಿದದ್ದನ್ನು ಈಗಷ್ಟೇ ಸರಿ ಮಾಡಿದ್ದು. ನಿಮ್ಮ ಪುಣ್ಯ. ತೂಕದಲ್ಲಿ ಎಷ್ಟು ಹೇಳಿದ್ದು ನೀವು?"

"ಒಬ್ಬರು. ಅಕ್ಕ."

"ಹಾಗಾದ್ರೆ ಅಕ್ಕ ಕಾಯ್ತಾ ಇಲ್ಲ."

ನಾನು ಬಲೆಯಿಂದ ಚಪ್ಪಲಿ ಬಿಡಿಸಿಕೊಳ್ಳತೊಡಗಿದೆ.

"ಜಗಳ ಮಾಡಿ ಬಂದದ್ದಾ?" ಎಂದರು, ದನಿ ತಗ್ಗಿಸಿ. ಅವರ ಕಣ್ಣು ಹೊಳೆಯಿತು. ಅವರಿಗೆ ಆ ಕಾಯಿಲೆಯೂ ಗೊತ್ತು, ಮದ್ದೂ ಗೊತ್ತು. "ಅದಕ್ಕೆಂತ ಹೆದರುದು? ನಮ್ಮನೆಯಲ್ಲಿ ಫೋನುಂಟು. ಬನ್ನಿ."

ಅಲ್ಲ ಎಂದು ಹೇಳಬೇಕಿತ್ತು. ಜಗಳವಿಲ್ಲ, ಅಕ್ಕನೇ ಇಲ್ಲ ಎಂದು. ವಾಕ್ಯ ನಾಲಗೆಯ ಮೇಲೆ ಸಿದ್ಧವಾಗಿತ್ತು. ಎರಡು ಸಲ ಓದಿ ನೋಡಿದೆ, ತಪ್ಪಿರಲಿಲ್ಲ, ಆದರೂ ಹೊರಗೆ ಬರಲಿಲ್ಲ. ಗ್ರೆಗೋರಿಯ ತೋಳು ಹಿಡಿದುಕೊಂಡು ಅವರ ಮನೆಗೆ ಬಂದೆ. ವಿಷಯ ಕೇಳಿದ ಸೆವ್ರಿನ್ ಬಾಯಿ ಕೈಯ ಹಿಟ್ಟು ತೊಳೆದುಕೊಂಡು ಬಂದು, ಫೋನಿನ ಮೇಲಿದ್ದ ಬಟ್ಟೆ ತೆಗೆದು ನನ್ನ ಮುಂದಿಟ್ಟರು.

"ತಪ್ಪಾಯ್ತು ಅಂತ ಒಂದು ಮಾತು ಹೇಳಿ. ಯಾರದು ತಪ್ಪು ಅಂತ ನೋಡ್ಲಿಕ್ಕೆ ಹೋಗ್ಬೇಡಿ. ಒಡಹುಟ್ಟಿದವರಲ್ವಾ, ಕರಗ್ತಾರೆ."

ನಂಬರು ತಿರುಗಿಸಿದೆ. ಬೇರೆ ಯಾವ ನಂಬರೂ ನನಗೆ ಬಾಯಿಗೆ ಬರುವುದಿಲ್ಲ. ದೂರದಲ್ಲಿ, ಬೀಗ ಹಾಕಿದ ನಮ್ಮ ಮನೆಯಲ್ಲಿ, ಫೋನು ರಿಂಗಾಯಿತು. ಅದು ಎಲ್ಲಿದೆಯೆಂದು ನನಗೆ ಗೊತ್ತು: ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ, ಅಕ್ಕ ಕ್ರೋಶಾದಲ್ಲಿ ಹೆಣೆದ ಹಳದಿ ಬಟ್ಟೆಯ ಕೆಳಗೆ. ಒಂದು ರಿಂಗು ಅಡುಗೆಮನೆಯ ತನಕ ಹೋಗಿರಬೇಕು. ಇನ್ನೊಂದು ಹಾಸಿಗೆ ಮಡಚಿಟ್ಟ ಅವಳ ಮಂಚದವರೆಗೆ. ಅವಳು ಯಾವತ್ತೂ ಮೂರನೆಯ ರಿಂಗಿಗೆ ಎತ್ತುತ್ತಿದ್ದಳು. ಮೊದಲನೆಯದಕ್ಕೇ ಎತ್ತಿದರೆ ಕಾಯುತ್ತ ಕೂತಿದ್ದಳು ಅಂದುಕೊಂಡಾರು ಎಂದು. ಮೂರು ಕಳೆಯಿತು. ಆರು ಕಳೆಯಿತು. ನನ್ನ ಹಿಂದೆ ಗಂಡಹೆಂಡಿರಿಬ್ಬರೂ ಉಸಿರು ಬಿಗಿಹಿಡಿದು ನಿಂತಿದ್ದರು.

"ಅಕ್ಕಾ," ಎಂದೆ, ರಿಂಗಿನ ನಡುವೆ. "ತಪ್ಪಾಯ್ತು. ಮುಂದಿನ ವರ್ಷ ಅಂತ ಹೇಳಬಾರದಿತ್ತು."

ಫೋನು ಕೆಳಗಿಟ್ಟೆ. ಗ್ರೆಗೋರಿ ಕೈ ತಟ್ಟಿದರು. "ಆಯ್ತಲ್ಲ! ಈಗ ಹೊರಗೆ ಹೋಗಿ ನಿಂತು ನೋಡಿ. ಗಾಳಿಯ ಅಪ್ಪನೂ ಮುಟ್ಟುದಿಲ್ಲ."

ಅವರ ಸಂತೋಷವನ್ನು ಕೆಡಿಸಲು ಮನಸ್ಸಾಗದೆ ಮೆಟ್ಟಿಲಿಳಿದೆ. ಅಂಗಳದ ನಡುವೆ ನಿಲ್ಲುವ ಮೊದಲೇ ಗಾಳಿ ನನ್ನನ್ನು ಎತ್ತಿಕೊಂಡು ಹೋಗಿ ಗೇಟಿನ ಕಂಬಕ್ಕೆ ಒರಗಿಸಿತು. ಕಂಬ ತಬ್ಬಿಕೊಂಡು ಹಿಂತಿರುಗಿ ನೋಡಿದೆ. ಗ್ರೆಗೋರಿಯ ಕೈ ತಟ್ಟಿದ ಹಾಗೆಯೇ ನಿಂತಿತ್ತು. ಸೆವ್ರಿನ್ ಬಾಯಿಯ ಮುಖ ಬದಲಾಗಿತ್ತು. ಅವರು ಈ ಊರಿನ ಮರ್ಯಾದೆಯನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

"ಯಾವಾಗ?" ಎಂದರು.

"ಮಾಘದಲ್ಲಿ," ಎಂದೆ.

"ನಾನು ಎಂತ ಮಾಡ್ಸಿದೆ ದೇವರೇ," ಎಂದು ಗ್ರೆಗೋರಿ ಟೋಪಿ ತೆಗೆದರು. ಸೆವ್ರಿನ್ ಬಾಯಿ ಅವರಿಗೆ ಸುಮ್ಮನಿರಿ ಎಂದು ಸನ್ನೆ ಮಾಡಿ, ಗೋಡೆ ಹಿಡಿದುಕೊಂಡು ಬಂದು, ನನ್ನ ಬೆರಳುಗಳನ್ನು ಒಂದೊಂದಾಗಿ ಕಂಬದಿಂದ ಬಿಡಿಸಿದರು.

ಮೂರನೆಯ ದಿನ ಬೆಳಿಗ್ಗೆ, ಗೋಡೆಗಳನ್ನು ಹಿಡಿದುಕೊಂಡು, ಗಾಳಿಗೆ ಎದುರಾಗಿ, ಸುಂಕದ ಕಟ್ಟೆಗೆ ಹೋದೆ. ಮಧ್ಯಾಹ್ನ ಮೂರಕ್ಕೆ ನನ್ನ ಬಸ್ಸು. ಅಲ್ಲೇ ಕೂತು ಬಸ್ಸಿಗೆ ಕಾಯಬಹುದಿತ್ತು. ನಾಲ್ಕನೆಯ ಪ್ರಶ್ನೆಯನ್ನು ಹಾಗೆಯೇ ಬಿಟ್ಟು ಹೋಗಬಹುದಿತ್ತು. ಕರಡಿನಲ್ಲಿ ಒಂದು ಖಾಲಿ ಜಾಗ ಬಿಟ್ಟು ಪುಸ್ತಕವನ್ನು ಅಚ್ಚಿಗೆ ಕೊಟ್ಟವಳಲ್ಲ ನಾನು.

ಸುಗಂಧಿ ಒಬ್ಬರೇ ಇದ್ದರು, ಕಲ್ಲುಗಳನ್ನು ಒರೆಸಿ ಇಡುತ್ತಿದ್ದರು.

"ಬಂದ್ರಾ," ಎಂದರು. "ನಿನ್ನೆ ಬಲೆಗೆ ಬಿದ್ರಂತೆ."

"ಊರಿಗೆಲ್ಲ ಗೊತ್ತಾಯ್ತಾ?"

"ಊರು ಎಷ್ಟು ದೊಡ್ಡದುಂಟು? ಕೂತ್ಕೊಳ್ಳಿ."

ಹಲಗೆಯ ಮೇಲೆ ಕೂತೆ. ಅವರು ಸೆರಗಿಗೆ ಕೈ ಒರೆಸಿಕೊಂಡು, ಮೊನ್ನೆಯಷ್ಟೇ ನಿರಾಳವಾಗಿ, ಎಲ್ಲರನ್ನೂ ಕೇಳುವ ಹಾಗೆ ಕೇಳಿದರು. "ಹಾದಿ ಕಾಯುವವರು ಎಷ್ಟು ಜನ?"

"ಯಾರೂ ಇಲ್ಲ."

ಆ ಎರಡು ಮಾತು ಆಡಿದ್ದಕ್ಕೆ ತಕ್ಕಡಿಯ ಸರಪಳಿ ಒಂದು ಸಲ ಕಿರುಗುಟ್ಟಿತು. ಬೇರೇನೂ ಆಗಲಿಲ್ಲ. ಆಕಾಶ ಕಳಚಿ ಬೀಳುತ್ತದೆ ಎಂದು ಎಂಟು ತಿಂಗಳು ಅಂದುಕೊಂಡಿದ್ದೆ.

"ಮೊನ್ನೆಯೇ ನಿಮಗೆ ಗೊತ್ತಿತ್ತು ಅಲ್ವಾ?" ಎಂದೆ.

"ಗೊತ್ತಿತ್ತು. ಕೂತವರ ಪಾದ ನೋಡ್ತೇನೆ ನಾನು. ನಿಮ್ಮದು ಆಗಲೇ ಕಡಲಿನ ಕಡೆ ತಿರುಗಿತ್ತು."

"ಮತ್ತೆ ಏಳು ಯಾಕೆ ಕೊಡಲಿಲ್ಲ? ನಾನು ಹೋಗಿಯೇ ಬಿಡ್ತಿದ್ದೆ."

"ಕೇಳದೆ ಕೊಟ್ಟ ಕಲ್ಲು ಮೈಯಲ್ಲಿ ನಿಲ್ಲುದಿಲ್ಲ ಇಂದುಮತಿಯವರೇ. ದಾರಿಯಲ್ಲೇ ಎಲ್ಲೋ ತೆಗೆದಿಟ್ಟು ಬಿಡ್ತಾರೆ ಜನ. ಅದಕ್ಕೆ ನಿಮ್ಮನ್ನು ನೋಡಿಕೊಳ್ಳಿ ಅಂತ ಗ್ರೆಗೋರಿಗೆ ಹೇಳಿ ಕಳಿಸಿದ್ದೆ. ಅವರು ಬೇರೆ ಕೆಲಸ ಬಿಟ್ಟು ನಿನ್ನೆ ಆ ಬಲೆಯನ್ನೇ ಮೊದಲು ರಿಪೇರಿ ಮಾಡಿದ್ದು ಎಂತಕ್ಕೆ ಅಂದ್ಕೊಂಡ್ರಿ?"

ಅವರು ಏಳನೆಯ ಕಲ್ಲನ್ನು ಪಟ್ಟಿಗೆ ಇಳಿಸಿದರು. ಬೂದುಬಣ್ಣದ್ದು. ನಾನು ಇಳಿಯಲು ಹೋದಾಗ, ತಡೆಯಿರಿ ಎಂದು ರಾಶಿಯ ಅಡಿಯಿಂದ ಇನ್ನೊಂದನ್ನು ಹುಡುಕಿ ತೆಗೆದರು. ಸಣ್ಣದು, ಕೆಂಪು, ಕಡಲು ಸವೆಸಿದ್ದು.

"ಏಳಲ್ಲವಾ?" ಎಂದೆ.

"ಈ ಕಡೆ ಕಾಯುವವರು ಯಾರೂ ಇಲ್ಲದ್ದಕ್ಕೆ ಏಳು. ಇದು, ಆ ಕಡೆ ಒಬ್ಬರು ಇರುವುದಕ್ಕೆ."

ನಾನು ಅವರ ಮುಖ ನೋಡಿದೆ.

"ಕಾಯ್ತಾರೆ," ಎಂದರು ಸುಗಂಧಿ. "ಹೋದವರು ಕಾಯುದಿಲ್ಲ ಅಂತ ಯಾರು ಹೇಳಿದ್ದು? ಆದರೆ ಅವರು ಕಾಯುದು ಆ ಕಡೆಯಿಂದ. ಅದಕ್ಕೇ ಎಳೆತ ಜಾಸ್ತಿ. ನನ್ನ ಯಜಮಾನರು ಹೋಗಿ ಹದಿನಾಲ್ಕು ವರ್ಷ ಆಯ್ತು." ಸೆರಗು ಸರಿಸಿ ಸೊಂಟಪಟ್ಟಿ ತೋರಿಸಿದರು. ಅದರ ಕಡೆಯ ಜೇಬಿನಲ್ಲಿ ಅಂಥದ್ದೇ ಒಂದು ಸಣ್ಣ ಕೆಂಪು ಕಲ್ಲಿತ್ತು.

ಎಂಟು ಕಲ್ಲು ಹೊತ್ತು ಊರಿನೊಳಕ್ಕೆ ನಡೆದೆ. ಹೆಜ್ಜೆ ಈಗ ಇಟ್ಟಲ್ಲಿ ಇರುತ್ತಿತ್ತು. ದಕ್ಕೆಗೆ ಹೋಗುವ ದಾರಿಯಲ್ಲೇ ಸೆವ್ರಿನ್ ಬಾಯಿಯ ಮನೆ. ಬಾಗಿಲ ಮುಂದೆ ಬಂದಾಗ ಏನು ತೋಚಿತೋ, ಹೊಸ್ತಿಲ ಹತ್ತಿರ ನಿಂತು ಒಳಕ್ಕೆ ಹೇಳಿದೆ. "ದಕ್ಕೆಗೆ ಹೋಗಿ ಬರ್ತೀನಿ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. "ಗಂಜಿಗೆ ಈಗಷ್ಟೇ ಅಕ್ಕಿ ಹಾಕಿದ್ದೇನೆ," ಎಂದರು ಸೆವ್ರಿನ್ ಬಾಯಿ.

ಅಷ್ಟೇ. ಕಾಯ್ತೇನೆ ಎನ್ನಲಿಲ್ಲ. ಬಾಯಿಮಾತಿಗೆ ಹಾಗೆ ಅನ್ನುವವರು ಈ ಊರಿನಲ್ಲಿಲ್ಲ. ಮೂರು ದಿನಕ್ಕೆ ಬಂದು ಹೋಗುವವಳಿಗೆ ಯಾರು ಅಂದಾರು? ನಾನು ಕಾಲು ಕೆಳಗಿಟ್ಟೆ.

ದಕ್ಕೆ ಉದ್ದವಾಗಿತ್ತು. ಗ್ರೆಗೋರಿ ತಲೆಯೆತ್ತಿ ನೋಡಿ, ಬಲೆಯನ್ನು ಕೈಯಳತೆಗೆ ಎಳೆದುಕೊಂಡು, ಮತ್ತೆ ತಲೆ ತಗ್ಗಿಸಿದರು. ನಿನ್ನೆ ನಾನು ಕೈಚಾಚಿದ ಗೂಟ ದಾಟಿದೆ. ಅಲ್ಲಿಂದ ಮುಂದೆ ಗಾಳಿ ಬೇರೆಯೇ. ಅದು ತಳ್ಳುತ್ತಿದೆಯೋ ಮುಂದಿನಿಂದ ಯಾರಾದರೂ ಕರೆಯುತ್ತಿದ್ದಾರೋ ಎಂದು ತಿಳಿಯದ ಹಾಗೆ ಇರುತ್ತದೆ. ಸಣ್ಣ ಕೆಂಪು ಕಲ್ಲು ಹೊಟ್ಟೆಯ ಮೇಲೆ ಒತ್ತುತ್ತಿತ್ತು. ಅದನ್ನು ಪಟ್ಟಿಯ ಮೇಲಿಂದಲೇ ಹಿಡಿದುಕೊಂಡು ನಡೆದೆ.

ತುದಿಯಲ್ಲಿ ಕೂರಲು ಜಾಗ ಇತ್ತು. ಕಡಲಿಗೆ ಮುಖ ಮಾಡಿ ಕಡೆದ ಒಂದು ಕಲ್ಲು, ಬೆನ್ನಿಗೆ ಆನಿಕೆ ಕೂಡ. ಹಡಗು ಬರುವುದನ್ನು ನೋಡುವವನು ಕೂರುತ್ತಿದ್ದ ಜಾಗ ಇರಬೇಕು. ಕೂತೆ. ನನ್ನ ಮೊಣಕಾಲಿಗೆ ಅಳತೆ ತೆಗೆದು ಮಾಡಿದಷ್ಟು ಸರಿಯಾದ ಎತ್ತರ. ಆದರೆ ಅಗಲ ಒಬ್ಬರಿಗೆ ಮಾತ್ರ. ನಾವಿಬ್ಬರೂ ಬಂದಿದ್ದರೆ ಅಕ್ಕ ನನ್ನನ್ನು ಕೂರಿಸಿ, ತಾನು ಪಕ್ಕದಲ್ಲಿ ನಿಂತು, ನನಗೇನು ಆಯಾಸವಿಲ್ಲ ಬಿಡು ಎನ್ನುತ್ತಿದ್ದಳು. ಪೆನ್ಸಿಲು ತೆಗೆದು ನಾಲ್ಕನೆಯ ಪ್ರಶ್ನೆಯ ಕೆಳಗೆ ಬರೆದೆ: ಇದೆ. ಒಬ್ಬರಿಗೆ.

ಎಷ್ಟು ಹೊತ್ತು ಕೂತಿದ್ದೆನೋ. ಹಡಗು ಯಾವುದೂ ಬರಲಿಲ್ಲ. ನೀರು ಒಂದೇ ಬಣ್ಣದ್ದು, ಗೆರೆಯಿಲ್ಲದ್ದು. ಕಲ್ಲುಗಳನ್ನು ಒಂದೊಂದಾಗಿ ಜೇಬಿನಿಂದ ತೆಗೆದು ಪಕ್ಕಕ್ಕಿಟ್ಟರೆ ಸಾಕು ಎಂದು ಒಮ್ಮೆ ಅನ್ನಿಸಿತು. ಅನ್ನಿಸಿದ್ದನ್ನು ಮುಚ್ಚಿಡುವುದಿಲ್ಲ. ಕೈ ಮೊದಲ ಗುಂಡಿಯ ತನಕ ಹೋಗಿತ್ತು. ನೋಟುಬುಕ್ಕು ಮಡಿಲಿನಿಂದ ಜಾರಿತೆಂದು ಅದನ್ನು ಹಿಡಿಯಲು ಅದೇ ಕೈಯನ್ನು ಈಚೆಗೆ ತೆಗೆದೆ. ನನ್ನಿಂದ ಏನೂ ಬೀಳಬಾರದು.

ಮತ್ತೆ ಏಳಬೇಕೆಂದಾಗ ಏಳಲಾಗಲಿಲ್ಲ. ಸೊಂಟ ಅಷ್ಟು ಭಾರ. ಆನಿಕೆ ಹಿಡಿದು, ಎರಡು ಸಲ ಜೋರು ಮಾಡಿ, ಮೂರನೆಯ ಸಲಕ್ಕೆ ಎದ್ದೆ. ಗಾಳಿ ನಿಂತುಹೋಯಿತೇ ಎಂದು ನೋಡಿದೆ. ನಿಂತಿರಲಿಲ್ಲ, ದೀಪದ ಕಂಬದ ತಂತಿಯಲ್ಲಿ ಸಿಕ್ಕಿದ್ದ ಹಳೆಯ ಬಾವುಟದ ಚೂರು ಕಡಲಿನ ಕಡೆ ಬಿಗಿಯಾಗಿ ಚಾಚಿ ಪಟಪಟ ಎನ್ನುತ್ತಿತ್ತು. ಅದನ್ನು ಎಳೆಯುವಷ್ಟು ಗಾಳಿ ನನ್ನನ್ನು ಎಳೆಯುತ್ತಿರಲಿಲ್ಲ, ಹಾಗಾಗಿ ಕಲ್ಲುಗಳ ಭಾರವೆಲ್ಲ ನನ್ನದೇ ಆಗಿತ್ತು. ಎಂಟರಲ್ಲಿ ಒಂದು ಹೆಚ್ಚಾಗಿತ್ತು.

ಊರಿನ ಕಡೆ ತಿರುಗಿದೆ. ದೂರದಲ್ಲಿ, ದಕ್ಕೆಯ ಬುಡದಾಚೆ, ಒಂದು ಬಾಗಿಲಲ್ಲಿ ನೀಲಿ ಸೀರೆಯ ಚುಕ್ಕೆ. ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತ ಹಾಗೆ ಕಾಣುತ್ತಿತ್ತು.

ಏಳನೆಯದಾದ ಬೂದುಬಣ್ಣದ ಕಲ್ಲನ್ನು ತೆಗೆದು ಅಲ್ಲೇ ಇಟ್ಟು ಬರಬಹುದಿತ್ತು, ನಡೆಯಲು ಹಗುರಾಗುತ್ತಿತ್ತು. ತೆಗೆಯಲಿಲ್ಲ. ಅಷ್ಟನ್ನೂ ಹೊತ್ತು, ಒಂದೊಂದು ಹೆಜ್ಜೆಯನ್ನೂ ಎತ್ತಿ ಇಡುತ್ತ, ದಕ್ಕೆಯುದ್ದ ನಡೆದೆ. ಗ್ರೆಗೋರಿ ಈ ಸಲ ಆಕಾಶ ನೋಡಲಿಲ್ಲ. ನನ್ನ ಕಾಲು ನೋಡಿ, ಬಲೆಯನ್ನು ಮಡಚಿ ಹೆಗಲಿಗೆ ಹಾಕಿಕೊಂಡು, ಹಿಂದೆ ಹಿಂದೆ ಬಂದರು.

ಬಾಗಿಲಲ್ಲಿ ಸೆವ್ರಿನ್ ಬಾಯಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

"ಎಂತ ಮಾರಾಯ್ತಿ, ಇಷ್ಟು ಹೊತ್ತಾ? ಗಂಜಿ ಆರಿ ಹೋಯ್ತು. ಎರಡು ಸಲ ಬಿಸಿ ಮಾಡಿದೆ. ಒಬ್ಬಳು ಮುದುಕಿ ಇಲ್ಲಿ ಬಾಗಿಲು ಕಾಯ್ತಾ ನಿಂತಿದ್ದಾಳೆ ಅಂತ ಗೊತ್ತಾಗುದು ಬೇಡ್ವಾ?"

"ತಪ್ಪಾಯ್ತು," ಎಂದೆ.

ನಿನ್ನೆ ಆ ಮಾತನ್ನು ಬೀಗ ಹಾಕಿದ ಮನೆಗೆ ಹೇಳಿದ್ದೆ. ಈಗ ಅದಕ್ಕೆ ಉತ್ತರ ಬಂತು. "ಆಯ್ತು, ಕೈ ತೊಳೆದು ಬಾ," ಎಂದರು ಸೆವ್ರಿನ್ ಬಾಯಿ.